ಒಂದೇ ನೀರಿಗೆ ಮೂರು ತೀರ್ಪು: ತುಂಗೆ–ಭದ್ರೆಯ ವರದಿಗಳು ಹೇಳುವುದೇನು, ಬಿಡುವುದೇನು?

ತುಂಗಭದ್ರಾ ನದಿಯ ನೀರು ‘ಸಿ’ ದರ್ಜೆಯದು, ನೇರವಾಗಿ ಕುಡಿಯಲು ಯೋಗ್ಯವಲ್ಲ ಎಂಬ ಸುದ್ದಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಸಿಕ ಪರೀಕ್ಷೆಗಳನ್ನು ಆಧರಿಸಿ ಆಗಾಗ ಪ್ರಕಟವಾಗುತ್ತದೆ. ತುಂಗಭದ್ರೆಯ ಮೂಲಹೊಳೆಗಳಲ್ಲೊಂದಾದ ತುಂಗೆಯ ನೀರನ್ನೇ ಕುಡಿಯುವ ಶಿವಮೊಗ್ಗದಲ್ಲಿ ಇದನ್ನು ಓದಿದವರಿಗೆ ದಿಗಿಲಾಗುವುದು ಸಹಜ. ಆದರೆ ನಲ್ಲಿಯಲ್ಲಿ ಬರುವ ನೀರು ಮಾನದಂಡಕ್ಕೆ ತಕ್ಕಂತಿದೆ ಎಂದು ನೀರು ಸರಬರಾಜು ನೋಡಿಕೊಳ್ಳುವವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಇವೆರಡರ ಜೊತೆಗೆ ಮೂರನೆಯ ತೀರ್ಪೊಂದು ಅಂತರ್ಜಲದ ವರದಿಯಿಂದ ಬರುತ್ತದೆ. ಅದರ ಪ್ರಕಾರ ತೀರ್ಥಹಳ್ಳಿ, ಹೊಸನಗರದಂಥ ಮಲೆನಾಡಿನ ತಾಲೂಕುಗಳು ‘ಸುರಕ್ಷಿತ’. ಅದೇ ತಾಲೂಕುಗಳ ಊರುಗಳಲ್ಲಿ ಏಪ್ರಿಲ್ ಹೊತ್ತಿಗೆ ಬಾವಿಯ ತಳ ಕಾಣುವುದೂ ಟ್ಯಾಂಕರ್‌ಗೆ ಬೇಡಿಕೆ ಏಳುವುದೂ ಈಗ ಹೊಸ ಸುದ್ದಿಯಲ್ಲ.

ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಮೂರು ಇಲಾಖೆಗಳು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿವೆ, ಅಷ್ಟೆ. ಗೊಂದಲ ಹುಟ್ಟುತ್ತಿರುವುದು ನಾಲ್ಕನೆಯದೊಂದು ಪ್ರಶ್ನೆಯನ್ನು ಕೇಳುವ ಹೊಣೆ ಯಾರಿಗೂ ಇಲ್ಲದಿರುವುದರಿಂದ: ಮಳೆ ನಿಂತು ನಾಲ್ಕಾರು ತಿಂಗಳಾದ ಮೇಲೂ ಹೊಳೆಯಲ್ಲಿ ಹರಿಯುವ ನೀರು ಎಲ್ಲಿಂದ ಬರುತ್ತದೆ, ಅದಕ್ಕೆ ಏನಾಗುತ್ತಿದೆ?

ದರ್ಜೆ ಎಂದರೇನು

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ನದಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತದೆ. ಸೋಂಕುನಿವಾರಣೆಯನ್ನಷ್ಟೇ ಮಾಡಿ ಕುಡಿಯಬಹುದಾದ ಮೂಲ ‘ಎ’. ಸ್ನಾನಕ್ಕೆ ತಕ್ಕದ್ದು ‘ಬಿ’. ತಿಳಿಗೊಳಿಸಿ, ಸೋಸಿ, ಕ್ಲೋರಿನ್ ಹಾಕಿದ ಮೇಲೆ ಕುಡಿಯಬಹುದಾದದ್ದು ‘ಸಿ’. ಮೀನು ಮತ್ತು ವನ್ಯಜೀವಿಗಳಿಗೆ ಸಾಕಾಗುವುದು ‘ಡಿ’. ನೀರಾವರಿ ಮತ್ತು ಕೈಗಾರಿಕೆಗಳ ತಂಪುಗೊಳಿಸುವಿಕೆಗೆ ‘ಇ’. ಆದ್ದರಿಂದ ‘ಸಿ’ ದರ್ಜೆಯ ನದಿಯಿಂದ ನೀರೆತ್ತಿ, ಶುದ್ಧೀಕರಿಸಿ ನಗರಕ್ಕೆ ಕೊಡುವುದರಲ್ಲಿ ನಿಯಮದ ಉಲ್ಲಂಘನೆ ಇಲ್ಲ. ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನು ಅಳೆಯುವ ಮಾನದಂಡವೇ ಬೇರೆ. ಅದು ಭಾರತೀಯ ಮಾನಕ ಸಂಸ್ಥೆಯ ಐಎಸ್ 10500.

ಹಾಗೆಂದು ‘ಸಿ’ ದರ್ಜೆಯನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. 100 ಮಿಲಿಲೀಟರ್ ನೀರಿನಲ್ಲಿ ಒಟ್ಟು ಕೋಲಿಫಾರ್ಮ್ ಬ್ಯಾಕ್ಟೀರಿಯಾ 50ರ ಒಳಗಿದ್ದರೆ ‘ಎ’, 500ರ ಒಳಗಿದ್ದರೆ ‘ಬಿ’, 5,000ದ ಒಳಗಿದ್ದರೆ ‘ಸಿ’. ಅಂದರೆ ‘ಎ’ ದರ್ಜೆಗೂ ‘ಸಿ’ ದರ್ಜೆಗೂ ನಡುವೆ ನೂರು ಪಟ್ಟು ವ್ಯತ್ಯಾಸ ಇರಬಹುದು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಆಲಂ ಹಾಕಿ ಕದಡು ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವ ಸಾಂಪ್ರದಾಯಿಕ ವಿಧಾನವು ಕೆಸರನ್ನೂ ಸೂಕ್ಷ್ಮಜೀವಿಗಳನ್ನೂ ನಿವಾರಿಸಲು ರೂಪುಗೊಂಡದ್ದು. ನೀರಿನಲ್ಲಿ ಕರಗಿದ ನೈಟ್ರೇಟ್ ಅದರಿಂದ ಹೋಗುವುದಿಲ್ಲ, ಕೀಟನಾಶಕದ ಶೇಷವೂ ಪೂರ್ತಿಯಾಗಿ ಹೋಗುವುದಿಲ್ಲ. ದರ್ಜೆ ನಿರ್ಧರಿಸುವ ನಾಲ್ಕು ಮುಖ್ಯ ಅಂಶಗಳು ಕೋಲಿಫಾರ್ಮ್, ಆಮ್ಲ–ಕ್ಷಾರ ಪ್ರಮಾಣ, ಕರಗಿದ ಆಮ್ಲಜನಕ ಮತ್ತು ಬಿಒಡಿ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ. ಈ ನಾಲ್ಕರಲ್ಲಿ ಲೋಹವೂ ಇಲ್ಲ, ಕೀಟನಾಶಕವೂ ಇಲ್ಲ.

ಅದೇ ಕೊಳಚೆ, ಬೇರೆ ನದಿ

ಜುಲೈನಲ್ಲಿ ಒಳ್ಳೆಯ ದರ್ಜೆ ಪಡೆದ ನದಿ ಏಪ್ರಿಲ್‌ನಲ್ಲಿ ಕೆಳಗಿಳಿದರೆ ನಡುವೆ ಯಾರೋ ಏನೋ ಸುರಿದಿದ್ದಾರೆಂದು ಜನ ಭಾವಿಸುತ್ತಾರೆ. ಹಾಗೆ ಆಗಿರಲೇಬೇಕೆಂದಿಲ್ಲ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರದ ಜನಸಂಖ್ಯೆ ಸುಮಾರು 3.22 ಲಕ್ಷ. ನಗರ ಯೋಜನೆಗಳು ಸಾಮಾನ್ಯವಾಗಿ ಬಳಸುವ ಲೆಕ್ಕದಂತೆ ತಲಾ 135 ಲೀಟರ್ ನೀರು ಕೊಟ್ಟು, ಅದರಲ್ಲಿ ಶೇ 80ರಷ್ಟು ಕೊಳಚೆಯಾಗುತ್ತದೆ ಎಂದುಕೊಂಡರೆ ದಿನಕ್ಕೆ ಸುಮಾರು 3.5 ಕೋಟಿ ಲೀಟರ್ ಆಗುತ್ತದೆ. ನದಿಯ ಭಾಷೆಯಲ್ಲಿ ಹೇಳುವುದಾದರೆ ಅದು ಸುಮಾರು 14 ಕ್ಯುಸೆಕ್. ಇಂದಿನ ಜನಸಂಖ್ಯೆಗೆ ಈ ಅಂಕಿ ಇನ್ನೂ ಹೆಚ್ಚೇ ಇರಬೇಕು.

ಈ 14 ಕ್ಯುಸೆಕ್ ಒಂದಿಷ್ಟೂ ಶುದ್ಧೀಕರಣವಾಗದೆ ಹೊಳೆ ಸೇರಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ವಾಸ್ತವದಲ್ಲಿ ಒಂದು ಪಾಲು ಒಳಚರಂಡಿಯ ಮೂಲಕ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ, ಉಳಿದದ್ದು ರಾಜಕಾಲುವೆಗಳನ್ನು ಹಿಡಿಯುತ್ತದೆ. ಜೋರು ಮಳೆಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆಯಿಂದ 50 ಸಾವಿರ ಕ್ಯುಸೆಕ್‌ಗೂ ಹೆಚ್ಚು ನೀರು ಹೊರಬೀಳುವುದುಂಟು. ಪ್ರತಿ ಲೀಟರಿಗೆ 200 ಮಿಲಿಗ್ರಾಂ ಬಿಒಡಿ ಇರುವ ಕೊಳಚೆ ಅಷ್ಟು ನೀರಿನಲ್ಲಿ ಬೆರೆತರೆ ನದಿಯ ಬಿಒಡಿ 0.06ರಷ್ಟೂ ಏರುವುದಿಲ್ಲ, ಯಾವ ಪ್ರಯೋಗಾಲಯಕ್ಕೂ ಅದು ಕಾಣದು. ಬೇಸಿಗೆಯಲ್ಲಿ ಹರಿವು 140 ಕ್ಯುಸೆಕ್‌ಗೆ ಇಳಿದಿದೆ ಎಂದುಕೊಂಡರೆ ಅದೇ ಕೊಳಚೆ ನದಿಯ ಬಿಒಡಿಯನ್ನು 18ರಷ್ಟು ಏರಿಸುತ್ತದೆ. ‘ಸಿ’ ದರ್ಜೆಯ ಮಿತಿ 3. ಊರು ಬದಲಾಗಲಿಲ್ಲ, ಕೊಳಚೆ ಬದಲಾಗಲಿಲ್ಲ, ಅದನ್ನು ತೆಳುವಾಗಿಸುವ ನೀರು ಕಡಿಮೆಯಾಯಿತು.

ಮಳೆಗಾಲದ ನೀರು ಶುದ್ಧ ಎಂಬ ತೀರ್ಮಾನಕ್ಕೆ ಇದರಿಂದ ಬರಬಾರದು. ಜೂನ್ ಮೊದಲ ಮಳೆಗಳಲ್ಲಿ ಏಳೆಂಟು ತಿಂಗಳು ನೆಲದ ಮೇಲೆ ಕೂತದ್ದೆಲ್ಲ ಒಮ್ಮೆಲೇ ಹೊಳೆಗೆ ಬರುತ್ತದೆ. ಬಿಒಡಿ ಕಡಿಮೆ ತೋರಿಸುವ ನೀರಿನಲ್ಲೂ ಕೆಸರು ಮತ್ತು ಬ್ಯಾಕ್ಟೀರಿಯಾ ಹೆಚ್ಚಿರಬಹುದು. ಒಂದು ತಿಂಗಳ ಒಂದು ಮಾದರಿಯಿಂದ ನದಿಯ ಆರೋಗ್ಯವನ್ನು ಹೇಳಲಾಗದು ಎಂದು ಜಲವಿಜ್ಞಾನಿಗಳು ಪಟ್ಟು ಹಿಡಿಯುವುದು ಇದಕ್ಕಾಗಿಯೇ. ಹರಿವಿನ ಪ್ರಮಾಣವನ್ನು ಪಕ್ಕದಲ್ಲಿಡದೆ ಪ್ರಕಟಿಸಿದ ದರ್ಜೆ ಅರ್ಧ ಮಾಹಿತಿ ಮಾತ್ರ.

ಬೇಸಿಗೆಯ ಹೊಳೆಗೆ ನೀರು ಕೊಡುವವರು

ತುಂಗೆ ಮತ್ತು ಭದ್ರೆ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಕೂಡ್ಲಿಯಲ್ಲಿ ಸೇರಿ ತುಂಗಭದ್ರೆಯಾಗುತ್ತವೆ. ಪಶ್ಚಿಮದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿದರೆ, ಪೂರ್ವಕ್ಕೆ ಸರಿದು ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ ಅದು ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನದು.

ಉಳಿದ ತಿಂಗಳುಗಳಲ್ಲಿ, ಅದರಲ್ಲೂ ಜನವರಿಯ ನಂತರ, ಹಳ್ಳಗಳಲ್ಲಿ ಹರಿಯುವುದು ಮಣ್ಣಿನೊಳಗೆ ಇಂಗಿ, ಒರತೆಗಳಲ್ಲಿ ಮೆಲ್ಲಗೆ ಹೊರಬರುವ ನೀರು. ಜಲವಿಜ್ಞಾನದಲ್ಲಿ ಇದನ್ನು ತಳಹರಿವು ಎನ್ನುತ್ತಾರೆ. ಗಾಜನೂರಿಗಿಂತ ಮೇಲಿನ ತುಂಗೆಯ ಬೇಸಿಗೆಯ ಹರಿವು ಬಹುಮಟ್ಟಿಗೆ ಇದೇ. ಭದ್ರೆಯ ವಿಷಯ ತುಸು ಬೇರೆ: ಲಕ್ಕವಳ್ಳಿಯ 71.5 ಟಿಎಂಸಿ ಸಾಮರ್ಥ್ಯದ ಜಲಾಶಯದಿಂದ ಕೆಳಗೆ ಹೊಳೆಯಲ್ಲಿ ಎಷ್ಟು ನೀರಿರಬೇಕೆಂಬುದನ್ನು ಅಣೆಕಟ್ಟೆಯ ಗೇಟು ನಿರ್ಧರಿಸುತ್ತದೆ.

ಮಲೆನಾಡಿನ ನೆಲ ಈ ನೀರನ್ನು ಹಿಡಿದಿಡುವ ಬಗೆ ವಿಶಿಷ್ಟವಾದದ್ದು. ಮೇಲೆ ರಂಧ್ರಮಯವಾದ ಜಂಬಿಟ್ಟಿಗೆ, ಅದರ ಕೆಳಗೆ ಹಲವೆಡೆ ನೀರನ್ನು ಸುಲಭವಾಗಿ ಬಿಡದ ಶೇಡಿ ಮಣ್ಣು, ಇನ್ನೂ ಕೆಳಗೆ ಕೋಟ್ಯಂತರ ವರ್ಷಗಳಷ್ಟು ಹಳೆಯ ನೈಸ್ ಮತ್ತು ಶಿಸ್ಟ್ ಶಿಲೆ. ಗಟ್ಟಿ ಬಂಡೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ, ಅದೂ ಬಂಡೆಯ ಗಾತ್ರಕ್ಕೆ ಹೋಲಿಸಿದರೆ ಅತ್ಯಲ್ಪ. ಜಂಬಿಟ್ಟಿಗೆಯ ಪದರ ಸ್ಪಂಜಿನಂತೆ ಬೇಗ ಹೀರಿ ಬೇಗ ಬಿಡುತ್ತದೆ. ಜುಲೈ ಮುಗಿಯುವಷ್ಟರಲ್ಲಿ ಅದು ತುಂಬಿಹೋಗಿ, ಆಮೇಲೆ ಬಿದ್ದ ಮಳೆಗೆ ಒಳಗೆ ಜಾಗವೇ ಇರುವುದಿಲ್ಲ. ಅಷ್ಟೊಂದು ಮಳೆ ಬಿದ್ದೂ ಬೇಸಿಗೆಯಲ್ಲಿ ನೀರಿಲ್ಲ ಎಂಬ ಬಯಲುಸೀಮೆಯವರ ಅಚ್ಚರಿಗೆ ಉತ್ತರ ಇಲ್ಲಿದೆ: ಎಷ್ಟು ಮಳೆ ಬಂತೆನ್ನುವುದಕ್ಕಿಂತ ಎಷ್ಟು ನೀರು ಎಷ್ಟು ಕಾಲ ಒಳಗೆ ನಿಂತಿತೆನ್ನುವುದು ಮುಖ್ಯ. ಕಾನು, ಅಂದರೆ ದಟ್ಟ ಕಾಡು, ಕಡಿಮೆಯಾದಲ್ಲಿ, ಗದ್ದೆ ತೋಟವಾದಲ್ಲಿ, ಗುಡ್ಡ ಅಗೆದು ಸಮತಟ್ಟು ಮಾಡಿದಲ್ಲಿ ಈ ನಿಲ್ಲುವಿಕೆಯ ಲೆಕ್ಕ ಬದಲಾಗುತ್ತದೆ.

‘ಸುರಕ್ಷಿತ’ ತಾಲೂಕಿನ ಒಣ ಬಾವಿ

ಅಂತರ್ಜಲ ವರದಿಯಲ್ಲಿ ‘ಸುರಕ್ಷಿತ’ ಎಂಬುದು ನೀರಿನ ಗುಣವನ್ನು ಹೇಳುವ ಪದವಲ್ಲ. ವರ್ಷದಲ್ಲಿ ಬಳಕೆಗೆ ಸಿಗುವ ಅಂತರ್ಜಲದಲ್ಲಿ ಶೇ 70ರವರೆಗೆ ಎತ್ತಿದರೆ ‘ಸುರಕ್ಷಿತ’, 70ರಿಂದ 90 ‘ಅರೆ ಗಂಭೀರ’, 90ರಿಂದ 100 ‘ಗಂಭೀರ’, ನೂರನ್ನು ಮೀರಿದರೆ ‘ಅತಿ ಬಳಕೆ’. ಆ ನೀರಿನಲ್ಲಿ ಕಬ್ಬಿಣವಿದೆಯೇ, ಶೌಚಗುಂಡಿಯ ಸೋರಿಕೆಯಿಂದ ನೈಟ್ರೇಟ್ ಬಂದಿದೆಯೇ ಎಂಬುದು ಈ ಶೇಕಡಾವಾರಿನ ಹೊರಗಿನ ವಿಷಯ.

ಲೆಕ್ಕದ ಒಳಗೂ ಮಲೆನಾಡಿಗೆ ಹೊಂದದ ಅಂಶಗಳಿವೆ. ಅಂತರ್ಜಲ ಮೌಲ್ಯಮಾಪನಕ್ಕೆ ದೇಶದಾದ್ಯಂತ ಬಳಸುವ 2015ರ ಕ್ರಮದಲ್ಲಿ ಶೇ 20ಕ್ಕಿಂತ ಹೆಚ್ಚು ಇಳಿಜಾರಿನ ಗುಡ್ಡಗಾಡನ್ನು ಮರುಪೂರಣದ ಲೆಕ್ಕದಿಂದ ಕೈಬಿಡಲಾಗುತ್ತದೆ. ಒರತೆಗಳು ಹುಟ್ಟುವುದು ಹೆಚ್ಚಾಗಿ ಅಂಥ ಇಳಿಜಾರಿನ ಬುಡದಲ್ಲಿ. ಎರಡನೆಯದು ಇನ್ನೂ ಮುಖ್ಯ. ತಳಹರಿವನ್ನು ಅಳೆದ ಮಾಹಿತಿ ಇಲ್ಲದ ಕಡೆ, ನೆಲದಿಂದ ಹೊಳೆಗೆ ಸಹಜವಾಗಿ ಹೋಗುವ ನೀರೆಂದು ವಾರ್ಷಿಕ ಮರುಪೂರಣದ ಶೇ 5 ಅಥವಾ 10ನ್ನು ಮಾತ್ರ ಬಿಟ್ಟು, ಮಿಕ್ಕದ್ದನ್ನು ಎತ್ತಲು ಸಿಗುವ ನೀರೆಂದು ಲೆಕ್ಕ ಹಾಕಲಾಗುತ್ತದೆ. ಬಯಲಿನ ಊರುಗಳಿಗೆ ಇದು ಒಪ್ಪಬಹುದು. ಇಡೀ ಬೇಸಿಗೆ ನೆಲದ ನೀರಿನಿಂದಲೇ ಬದುಕುವ ಹೊಳೆಗಳ ನಾಡಿಗೆ ಇದು ಒಪ್ಪುತ್ತದೆಂದು ಹೇಳುವುದು ಕಷ್ಟ. ಕಾಗದದ ಮೇಲೆ ಎತ್ತದೆ ಉಳಿದಂತೆ ಕಾಣುವ ನೀರು ವಾಸ್ತವದಲ್ಲಿ ಆಗಲೇ ಹೊಳೆಗೆ ಸಂದಿರುತ್ತದೆ. ಅದನ್ನು ಕೊಳವೆ ಬಾವಿಯಿಂದ ಎತ್ತಿದರೆ ತಾಲೂಕಿನ ವರ್ಗ ಬದಲಾಗದೆಯೇ ಹೊಳೆ ಬಡಕಲಾಗುತ್ತದೆ.

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಮಲೆನಾಡಿನ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಒಂದು ಮುಂಗಾರು ಕೈಕೊಟ್ಟರೆ ಹಿಂದಿನ ವರ್ಷದ ನೀರು ನೆರವಿಗೆ ಬರದು. ಇಲ್ಲಿನ ನೆಲ ಅಷ್ಟು ಕಾಲ ಅದನ್ನು ಕಾಪಿಡುವುದಿಲ್ಲ.

ಯಾರ ಪಾಲು ಎಷ್ಟು

ನದಿ ಕೆಟ್ಟದ್ದಕ್ಕೆ ಯಾರು ಹೊಣೆ ಎಂಬ ಜಗಳದಲ್ಲಿ ಸ್ಪಷ್ಟವಾಗಿ ಮೂರು ಪಕ್ಷಗಳಿವೆ. 2018ರಲ್ಲಿ ಕೇಂದ್ರ ಮಂಡಳಿ ಗುರುತಿಸಿದ ದೇಶದ 351 ಕಲುಷಿತ ನದಿಭಾಗಗಳಲ್ಲಿ ಕರ್ನಾಟಕದವು 17. ತುಂಗೆ, ಭದ್ರೆ, ತುಂಗಭದ್ರೆ ಮೂರೂ ಅದರಲ್ಲಿದ್ದವು. 2024ರ ನವೆಂಬರ್‌ನಲ್ಲಿ ಶೃಂಗೇರಿಯಿಂದ ಹೊರಟ ನಿರ್ಮಲ ತುಂಗಭದ್ರಾ ಪಾದಯಾತ್ರೆಯಂಥ ಅಭಿಯಾನಗಳು ಊರುಗಳ ಕೊಳಚೆಯನ್ನೂ ಘನತ್ಯಾಜ್ಯವನ್ನೂ ಕೃಷಿ ರಾಸಾಯನಿಕಗಳನ್ನೂ ಒಟ್ಟಿಗೆ ಎತ್ತಿಕೊಂಡವು. ನಗರಾಡಳಿತಗಳು ಒಳಚರಂಡಿ ಯೋಜನೆ ಮತ್ತು ಶುದ್ಧೀಕರಣ ಘಟಕಗಳನ್ನು ತೋರಿಸಿ, ಸಮಸ್ಯೆ ಮೇಲಿನ ಊರುಗಳಿಂದಲೂ ಬರುತ್ತದೆ ಎನ್ನುತ್ತವೆ. ತಮ್ಮ ತೋಟದ ಔಷಧಿಗಿಂತ ಪೇಟೆಯ ಚರಂಡಿ ದೊಡ್ಡ ಅಪರಾಧಿ ಎಂಬುದು ಬೆಳೆಗಾರರ ವಾದ. ಕಾರ್ಖಾನೆಗಳ ಹೆಸರು ಈಗ ಮೊದಲಿನಷ್ಟು ಕೇಳುವುದಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾಗಿರುವುದರಿಂದ ಆ ಭಾಗದ ಚರ್ಚೆಯ ಭಾರ ಕೊಳಚೆಯ ಕಡೆಗೆ ವಾಲಿದೆ.

ಬೆಳೆಗಾರರ ವಾದವನ್ನು ತುಸು ಬಿಡಿಸಿ ನೋಡಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತಿನ ತೂಕದಲ್ಲಿ ಕಾಲುಭಾಗ ತಾಮ್ರ. ಈ ತಾಮ್ರ ಕೊಳೆಯುವಂಥದ್ದಲ್ಲ. ನೀರಿನಲ್ಲಿ ಕರಗಿ ಹೋಗುವುದಕ್ಕಿಂತ ಹೆಚ್ಚಾಗಿ ಮಣ್ಣಿನ ಜೇಡಿಗೂ ಸಾವಯವ ಅಂಶಕ್ಕೂ ಅಂಟಿಕೊಂಡು, ಆ ಮಣ್ಣು ಕೊಚ್ಚಿಹೋದಾಗ ಅದರ ಜೊತೆಗೇ ಹೊಳೆಗೆ ಹೋಗುತ್ತದೆ. ಆದ್ದರಿಂದ ಹೊಳೆಯ ತಿಳಿನೀರಿನಲ್ಲಿ ತಾಮ್ರ ಕಾಣಲಿಲ್ಲ ಎಂಬ ವರದಿಯಿಂದ ತೋಟಗಳು ನಿರ್ದೋಷಿ ಎಂದಾಗಲಿ, ಹೂಳಿನಲ್ಲಿ ಕಂಡಿತು ಎಂಬುದರಿಂದ ಕುಡಿಯುವ ನೀರು ವಿಷವಾಯಿತು ಎಂದಾಗಲಿ ತೀರ್ಮಾನಿಸಲಾಗದು. ಎಲ್ಲಿಂದ ಎಷ್ಟು ಮಣ್ಣು, ಯಾವ ಮಳೆಯಲ್ಲಿ ಹೊರಟಿತೆಂದು ತಿಳಿಯದ ಹೊರತು ಪಾಲು ಹಂಚಲು ಬರುವುದಿಲ್ಲ.

ತುಂಗೆಯ ನೀರಿನಲ್ಲಿ ಅಲ್ಯೂಮಿನಿಯಂ ಹೆಚ್ಚಿದೆ ಎಂಬ ಆತಂಕವೂ ಇದೇ ಜಾತಿಯದು. ಐಎಸ್ 10500ರಲ್ಲಿ ಅದಕ್ಕೆ ಲೀಟರಿಗೆ 0.03 ಮಿಲಿಗ್ರಾಂ ಅಪೇಕ್ಷಿತ ಮಿತಿ. ಬೇರೆ ಮೂಲವಿಲ್ಲದಾಗ ಸಹಿಸಬಹುದಾದ ಗರಿಷ್ಠ 0.2. ಜಂಬಿಟ್ಟಿಗೆ ಮಣ್ಣೇ ಕಬ್ಬಿಣ ಮತ್ತು ಅಲ್ಯೂಮಿನಿಯಂನಿಂದ ಸಮೃದ್ಧವಾದದ್ದು. ನೀರನ್ನು ತಿಳಿಗೊಳಿಸಲು ಬಳಸುವ ಆಲಂ ಕೂಡ ಅಲ್ಯೂಮಿನಿಯಂ ಲವಣ. ಹಾಗಾದರೆ ನಲ್ಲಿ ನೀರಿನಲ್ಲಿ ಕಂಡದ್ದು ಮಣ್ಣಿನದೋ, ಆಲಂ ಹೆಚ್ಚಾದದ್ದರಿಂದ ಉಳಿದದ್ದೋ? ಘಟಕದ ಒಳಗೆ ಹೋಗುವ ನೀರು, ಹೊರಬರುವ ನೀರು ಎರಡನ್ನೂ, ಸೋಸಿಯೂ ಸೋಸದೆಯೂ, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಒಂದು ಬಾಟಲಿ ಹಿಡಿದು ಪತ್ರಿಕಾಗೋಷ್ಠಿ ನಡೆಸಿದರೆ ಸಿಗುವುದಿಲ್ಲ.

ಬಾಟಲಿಗೆ ಮೊದಲು, ಬಾಟಲಿಯ ನಂತರ

ನದಿಯನ್ನೂ ಅಂತರ್ಜಲವನ್ನೂ ಒಟ್ಟಿಗೆ ಓದುವ ಜಲವಿಜ್ಞಾನಿಯ ವೃತ್ತಿಜೀವನದ ಬಹುಪಾಲು ಹೋಗುವುದು ಇಂಥ ‘ಎಲ್ಲಿಂದ’ ಎಂಬ ಪ್ರಶ್ನೆಗಳ ಬೆನ್ನು ಹತ್ತಿಯೇ. ಕೊಳವೆ ಬಾವಿಯ ಪೈಪಿನಲ್ಲಿ ನಿಂತ ನೀರು ಭೂಮಿಯೊಳಗಿನ ನೀರಲ್ಲ. ಅದನ್ನು ಹೊರಹಾಕಿ, ವಿದ್ಯುದ್ವಾಹಕತೆ ಒಂದೇ ಮಟ್ಟಕ್ಕೆ ಬಂದ ಮೇಲೆ ಮಾದರಿ ಹಿಡಿಯಬೇಕು. ಕರಗಿದ ಆಮ್ಲಜನಕವನ್ನು ಹೊಳೆಯ ದಡದಲ್ಲೇ ಅಳೆಯಬೇಕು ಅಥವಾ ರಾಸಾಯನಿಕ ಹಾಕಿ ಅಲ್ಲಿಯೇ ಸ್ಥಿರಗೊಳಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಮಂಜುಗಡ್ಡೆಯಲ್ಲಿ ಪ್ರಯಾಣಿಸಿ 24 ಗಂಟೆಯೊಳಗೆ ಪ್ರಯೋಗಾಲಯ ಸೇರಬೇಕು. ಮಲೆನಾಡಿನ ಎಷ್ಟೋ ಬೋರುಗಳಲ್ಲಿ ನೀರು ಮೇಲೆ ಬರುವಾಗ ತಿಳಿಯಾಗಿದ್ದು, ಕೊಡದಲ್ಲಿ ಸ್ವಲ್ಪ ಹೊತ್ತು ನಿಂತ ಮೇಲೆ ಕೆಂಪಾಗುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಕರಗಿದ್ದ ಕಬ್ಬಿಣ ಗಾಳಿ ತಾಕಿ ತುಕ್ಕಾಗುವುದೇ ಇದಕ್ಕೆ ಕಾರಣ. ಮಾದರಿಗೆ ಆಮ್ಲ ಸೇರಿಸದೆ ಕಳಿಸಿದರೆ ಆ ಕಬ್ಬಿಣ ಬಾಟಲಿಯ ತಳದಲ್ಲೇ ಉಳಿದು, ವರದಿಯಲ್ಲಿ ನೀರು ನಿರ್ಮಲವಾಗಿಬಿಡುತ್ತದೆ.

ನಂತರದ ಕೆಲಸ ದೀರ್ಘವಾದದ್ದು. ಆಮ್ಲಜನಕ ಮತ್ತು ಜಲಜನಕದ ಭಾರ ಐಸೊಟೋಪ್‌ಗಳ (ಅದೇ ಮೂಲವಸ್ತುವಿನ ತೂಕ ಹೆಚ್ಚಿನ ಪರಮಾಣುಗಳ) ಪ್ರಮಾಣ ನೋಡಿ ಬಾವಿಯ ನೀರು ನೇರ ಮಳೆಯದೋ, ಕೆರೆಯಲ್ಲಿ ನಿಂತು ಆವಿಯಾದದ್ದರ ಉಳಿಕೆಯೋ ಎಂದು ಹೇಳಬಹುದು. ಮಳೆ, ಬಾವಿಯ ಮಟ್ಟ, ಹಳ್ಳದ ಹರಿವು ಈ ಮೂರನ್ನೂ ಹತ್ತಾರು ವರ್ಷ ಒಂದೇ ಕಡೆ ಅಳೆದರೆ ಮಾತ್ರ ಒಂದು ಕೆಟ್ಟ ಮುಂಗಾರಿನ ಪರಿಣಾಮ ಯಾವುದು, ಮನುಷ್ಯ ಮಾಡಿದ ಬದಲಾವಣೆಯ ಪರಿಣಾಮ ಯಾವುದು ಎಂದು ಬೇರ್ಪಡಿಸಲಾಗುತ್ತದೆ. ಭದ್ರೆಯ ಮೇಲ್ಭಾಗದಲ್ಲಿ ಇಂಥ ಅಳತೆಯ ಬೆಲೆ ಒಮ್ಮೆ ಕಂಡಿತ್ತು. ಕುದುರೆಮುಖದ ಕಬ್ಬಿಣ ಅದಿರು ಗಣಿಗಾರಿಕೆಯ ಕಾಲದಲ್ಲಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ನಡೆಸಿದ ಹೂಳಿನ ಅಧ್ಯಯನ, ಜಲಾನಯನದ ಸಣ್ಣ ಭಾಗವಾಗಿದ್ದ ಗಣಿ ಪ್ರದೇಶವು ಹೊಳೆಯ ಹೂಳಿನಲ್ಲಿ ಅದರ ವಿಸ್ತೀರ್ಣಕ್ಕೆ ಮೀರಿದ ಪಾಲು ಹೊಂದಿದ್ದನ್ನೂ, ಕೆಲವೇ ದಿನಗಳ ಬಿರುಮಳೆ ವರ್ಷದ ಹೂಳಿನ ದೊಡ್ಡ ಭಾಗವನ್ನು ಸಾಗಿಸುವುದನ್ನೂ ತೋರಿಸಿತು. ತಿಂಗಳಿಗೊಮ್ಮೆ ಮಾದರಿ ಹಿಡಿಯುವ ಪದ್ಧತಿಗೆ ಆ ಕೆಲವು ದಿನಗಳು ಸಿಕ್ಕಿದರೆ ಅದು ಅದೃಷ್ಟ. ಸುಪ್ರೀಂ ಕೋರ್ಟಿನ ಆದೇಶದಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಹೊಳೆ ಒಬ್ಬರಿಗೆ, ಬಾವಿ ಇನ್ನೊಬ್ಬರಿಗೆ

ಇಂಥ ಅಧ್ಯಯನಗಳು ಏಕೆ ವಿರಳ ಎಂಬುದಕ್ಕೆ ಕಾರಣ ಆಡಳಿತದ ರಚನೆಯಲ್ಲಿದೆ. ನದಿಯ ಹರಿವು ಕೇಂದ್ರ ಜಲ ಆಯೋಗದ ಲೆಕ್ಕ. ಶಿವಮೊಗ್ಗ, ಹೊಳೆಹೊನ್ನೂರು, ಹೊನ್ನಾಳಿಗಳಲ್ಲಿ ಅದರ ಅಳತೆ ಕೇಂದ್ರಗಳಿವೆ. ಬಾವಿಗಳ ಮಟ್ಟ ಕೇಂದ್ರ ಅಂತರ್ಜಲ ಮಂಡಳಿ ಮತ್ತು ರಾಜ್ಯದ ಅಂತರ್ಜಲ ನಿರ್ದೇಶನಾಲಯದ್ದು. ನದಿ ನೀರಿನ ಗುಣ 1974ರ ಜಲ ಕಾಯ್ದೆಯ ಅಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಹಳ್ಳಿಯ ಕುಡಿಯುವ ನೀರಿನ ಗುಣ ಗ್ರಾಮೀಣ ನೀರು ಸರಬರಾಜು ಇಲಾಖೆಗೆ ಸೇರಿದ್ದು. ಒಬ್ಬರ ಬಾಟಲಿಯ ದಿನಾಂಕಕ್ಕೂ ಇನ್ನೊಬ್ಬರ ಹರಿವಿನ ದಿನಾಂಕಕ್ಕೂ ತಾಳೆ ಇರಬೇಕೆಂಬ ನಿಬಂಧನೆ ಇಲ್ಲ.

ಈ ಒಡಕನ್ನು ಗುರುತಿಸಿದ, ಕೇಂದ್ರ ಸರ್ಕಾರ ನೇಮಿಸಿದ್ದ ಮಿಹಿರ್ ಶಾ ಸಮಿತಿ 2016ರಲ್ಲಿ ಕೇಂದ್ರ ಜಲ ಆಯೋಗವನ್ನೂ ಅಂತರ್ಜಲ ಮಂಡಳಿಯನ್ನೂ ಸೇರಿಸಿ ಒಂದೇ ರಾಷ್ಟ್ರೀಯ ಜಲ ಆಯೋಗ ರಚಿಸಲು ಶಿಫಾರಸು ಮಾಡಿತು. ಜಲ ಆಯೋಗದ ಎಂಜಿನಿಯರುಗಳಿಂದ ಅದಕ್ಕೆ ವಿರೋಧ ಬಂತು, ವಿಲೀನ ಆಗಲಿಲ್ಲ. ಅಣೆಕಟ್ಟು, ಪ್ರವಾಹ, ಅಂತರರಾಜ್ಯ ಹಂಚಿಕೆಯಂಥ ವಿಶೇಷ ಕೆಲಸಗಳಿಗೆ ಪ್ರತ್ಯೇಕ ಸಂಸ್ಥೆ ಬೇಕೆಂಬ ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಸಂಸ್ಥೆಗಳು ಬೇರೆಯಾಗಿಯೇ ಇದ್ದುಕೊಂಡು ಒಂದೇ ದಿನ ಒಂದೇ ಜಾಗದಲ್ಲಿ ಅಳೆಯಲು ವಿಲೀನವೇನೂ ಬೇಕಿಲ್ಲ. ಬೆಳಗಾವಿಯಲ್ಲಿ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯ ಗಟ್ಟಿಶಿಲಾ ಪ್ರದೇಶದ ಕೇಂದ್ರವಿದೆ. ಶಂಕರಘಟ್ಟದಲ್ಲಿ, ಭದ್ರೆಯ ಮಗ್ಗುಲಲ್ಲೇ, ಕುವೆಂಪು ವಿಶ್ವವಿದ್ಯಾಲಯವಿದೆ. ಕೊರತೆ ಇರುವುದು ಎರಡು–ಮೂರು ವರ್ಷದ ಯೋಜನೆ ಮುಗಿದ ಮೇಲೂ ಅಳತೆ ಮುಂದುವರಿಸುವ ಹಣ ಮತ್ತು ಕಾಯಂ ಹುದ್ದೆಗಳಲ್ಲಿ.

ಮುಂದೇನಾಗಬಹುದು

ತುಂಗೆಯಿಂದ ಭದ್ರೆಗೆ 17.4 ಟಿಎಂಸಿ ನೀರೆತ್ತುವ ಭದ್ರಾ ಮೇಲ್ದಂಡೆ ಯೋಜನೆಯೇ ನದಿಯ ಬೇಸಿಗೆಯ ಮಾಲಿನ್ಯಕ್ಕೆ ಕಾರಣವಾಗುತ್ತದೆ ಎಂಬ ವಾದ ಕೇಳಿಬರುತ್ತದೆ. ಅಲ್ಲಿ ಎತ್ತುವುದು ಮಳೆಗಾಲದ ಹರಿವನ್ನಾದ್ದರಿಂದ ಬೇಸಿಗೆಯ ದರ್ಜೆಗೆ ಅದನ್ನು ನೇರವಾಗಿ ಹೊಣೆ ಮಾಡಲಾಗದು. ಹೆಚ್ಚಿನ ಅಪಾಯ ಸದ್ದಿಲ್ಲದೆ ಬರುವಂಥದ್ದು: ಅಡಿಕೆ ವಿಸ್ತರಣೆಯ ಜೊತೆಗೆ ಹೆಚ್ಚುತ್ತಿರುವ ಕೊಳವೆ ಬಾವಿಗಳು. ಅವು ತಳಹರಿವನ್ನು ಕುಗ್ಗಿಸಿದರೆ, ಕೊಳಚೆ ಹನಿಯಷ್ಟೂ ಹೆಚ್ಚದಿದ್ದರೂ, ನದಿ ‘ಸಿ’ಯಿಂದ ‘ಡಿ’ಗೆ ಇಳಿಯಬಹುದು. ಆಗ ಶುದ್ಧೀಕರಣ ಘಟಕಗಳಲ್ಲಿ ಹೆಚ್ಚು ಆಲಂ, ಹೆಚ್ಚು ಕ್ಲೋರಿನ್ ಬೇಕಾಗುತ್ತದೆ. ಸಾವಯವ ವಸ್ತು ಹೆಚ್ಚಿರುವ ನೀರಿಗೆ ಕ್ಲೋರಿನ್ ಸೇರಿದಾಗ ಕ್ಲೋರೋಫಾರ್ಮ್‌ನಂಥ ಉಪ-ಉತ್ಪನ್ನಗಳು ಹುಟ್ಟುತ್ತವೆ. ಅವುಗಳಿಗೂ ಐಎಸ್ 10500ರಲ್ಲಿ ಮಿತಿಗಳಿವೆ, ಆದರೆ ದಿನನಿತ್ಯದ ಪರೀಕ್ಷೆಯಲ್ಲಿ ಅವು ಸೇರುವುದಿಲ್ಲ. ನದಿ ದಡದ ನಗರಗಳಿಗೆ ದುಬಾರಿ ಶುದ್ಧೀಕರಣ ಅನಿವಾರ್ಯವಾದರೆ ಅದರ ವೆಚ್ಚ ನೀರಿನ ಕಂದಾಯಕ್ಕೆ ಸೇರುತ್ತದೆ.

ಒಳಚರಂಡಿ ಪೂರ್ತಿಯಾದರೂ ಈ ಲೆಕ್ಕದ ಅರ್ಧ ಭಾಗ ಮಾತ್ರ ಸರಿಹೋಗುತ್ತದೆ. ಇನ್ನರ್ಧ ಗಾಜನೂರಿನಿಂದ ಮೇಲಿನ ಹಳ್ಳಗಳಲ್ಲಿ ಏಪ್ರಿಲ್‌ನಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ಅವಲಂಬಿಸಿದೆ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಬಿಗಿ ನಿರ್ಬಂಧಗಳು ಅಧಿಸೂಚಿತ ಪ್ರದೇಶಗಳಿಗೆ ಸೀಮಿತ. ಹೊಳೆಗೆ ಸಲ್ಲುವ ನೀರಿಗೆ ಶೇ 5–10ಕ್ಕಿಂತ ಹೆಚ್ಚು ಪಾಲು ಕೊಟ್ಟು, ಅಳೆದ ತಳಹರಿವನ್ನು ಆಧರಿಸಿ ಮಲೆನಾಡಿನ ತಾಲೂಕುಗಳ ಲೆಕ್ಕವನ್ನು ಮತ್ತೆ ಹಾಕಿದರೆ ಈಗ ‘ಸುರಕ್ಷಿತ’ವೆನಿಸಿಕೊಂಡ ಎಷ್ಟು ತಾಲೂಕುಗಳು ಅದೇ ಸಾಲಿನಲ್ಲಿ ಉಳಿಯುತ್ತವೆ ಎಂಬುದು ಗೊತ್ತಾಗುತ್ತದೆ. 2015ರ ಕ್ರಮವೇ, ಅಳತೆ ಲಭ್ಯವಿದ್ದರೆ, ಅದನ್ನು ಬಳಸಲು ಅವಕಾಶ ಕೊಟ್ಟಿದೆ.